ತೀರ್ಪು ಕೈಗೆ ಸಿಗಲಿ, ಕಡತ ಬೀದಿಗೆ ಬೀಳದಿರಲಿ

ಕ್ಯಾಲಿಫೋರ್ನಿಯಾದಲ್ಲಿ ಮದುವೆಯೊಂದು ಕಾನೂನಿನ ಲೆಕ್ಕದಲ್ಲಿ ಮುಗಿಯುವುದು ‘ಎಫ್‌ಎಲ್-180’ ಎಂಬ ನಮೂನೆಯ ಮೇಲೆ. ನೋಡಲು ಬ್ಯಾಂಕಿನ ಚಲನ್ನಿನಂತಿದೆ, ತುಂಬ ಚೌಕಗಳು. ಮೇಲೆ ವಕೀಲರ ಹೆಸರು, ಕೆಳಗೆ ಕೌಂಟಿಯ ಹೆಸರು, ಅರ್ಜಿದಾರರು ಯಾರು, ಎದುರುದಾರರು ಯಾರು, ಬಲಗಡೆ ಕೇಸ್ ನಂಬರು. ನಾವು ಡೈವೋರ್ಸ್ ಎನ್ನುವುದಕ್ಕೆ ಅಲ್ಲಿನ ಕಾಯ್ದೆಯಲ್ಲಿ ‘ಡಿಸಲ್ಯೂಷನ್’, ಅಂದರೆ ವಿಸರ್ಜನೆ, ಎಂದು ಹೆಸರು. ಆ ಚೌಕಗಳ ನಡುವೆ ಒಂದು ಸಾಲು: ವೈವಾಹಿಕ ಸ್ಥಿತಿ ಕೊನೆಗೊಳ್ಳುವ ದಿನಾಂಕ. ನ್ಯಾಯಾಧೀಶರು ಸಹಿ ಹಾಕಿದ ದಿನವೇ ಅದಾಗಿರಬೇಕೆಂದಿಲ್ಲ. ಅರ್ಜಿಯ ನೋಟಿಸು ಎದುರುದಾರರಿಗೆ ಮುಟ್ಟಿ ಆರು ತಿಂಗಳು ಕಳೆಯುವ ತನಕ ಆ ರಾಜ್ಯದಲ್ಲಿ ಮದುವೆ ಕಡಿಯುವುದಿಲ್ಲ. ಮತ್ತೆ ಮದುವೆಯಾದವರು ಹೊಸ ಸಂಗಾತಿಗೆ ಗ್ರೀನ್ ಕಾರ್ಡ್ ಕೇಳಿದರೆ, ಹಿಂದಿನ ಮದುವೆ ಮುಗಿದಿದೆ ಎನ್ನುವುದಕ್ಕೆ ವಲಸೆ ಇಲಾಖೆ ಈ ಹಾಳೆಯನ್ನೇ ಕೇಳುತ್ತದೆ. ವಿಚ್ಛೇದಿತ ಹೆಂಗಸು ಮುಪ್ಪಿನಲ್ಲಿ ಮಾಜಿ ಗಂಡನ ಗಳಿಕೆಯ ಲೆಕ್ಕದಲ್ಲಿ ಸೋಷಿಯಲ್ ಸೆಕ್ಯುರಿಟಿ ಪಿಂಚಣಿ ಕೇಳಬೇಕಾದರೆ ಆ ಮದುವೆ ಹತ್ತು ವರ್ಷ ಬಾಳಿರಬೇಕು. ಹತ್ತಾಯಿತೋ, ಹತ್ತಕ್ಕೆ ಒಂದು ವಾರ ಕಡಿಮೆಯಾಯಿತೋ ಎಂದು ಹೇಳುವುದೂ ಆ ಸಾಲಿನ ದಿನಾಂಕವೇ.

ಅಮೆರಿಕದ ವ್ಯವಸ್ಥೆಯ ಎಡವಟ್ಟು ಇರುವುದೇ ಇಲ್ಲಿ. ಈ ಹಾಳೆ ಯಾರ ಬದುಕಿಗೆ ಬೇಕೋ ಅವರು ಕೌಂಟಿ ಕೋರ್ಟಿನ ವಿಳಾಸ ಹುಡುಕಿ, ನಮೂನೆ ತುಂಬಿ, ಶುಲ್ಕ ಕಟ್ಟಿ, ವಾರಗಟ್ಟಲೆ ಕಾಯಬೇಕು. ಇದರಿಂದ ಏನೂ ಆಗಬೇಕಿಲ್ಲದವರಿಗೆ, ದುಡ್ಡು ಕೊಟ್ಟರೆ ಯಾರ ಜಾತಕವನ್ನಾದರೂ ಜಾಲಾಡಿ ಕೊಡುವ ಜಾಲತಾಣಗಳು ಮನೆಯಲ್ಲೇ ಸಿಗುತ್ತವೆ. ತೀರ್ಪೂ ಕಡತವೂ ಒಂದೇ ಎಂದು ಎಣಿಸಿದ್ದರಿಂದ ಹೀಗಾಗಿದೆ ಎಂಬುದು ನನ್ನ ವಾದ. ತೀರ್ಪು ಎಂದರೆ ಮದುವೆ ಮುಗಿಯಿತೆಂದು ಸರ್ಕಾರ ಹೇಳುವ ಮಾತು. ಕಡತ ಎಂದರೆ ಆ ಮಾತಿಗೆ ಬರುವ ಮುನ್ನ ಇಬ್ಬರು ಒಬ್ಬರ ಮೇಲೊಬ್ಬರು ಬರೆದುಕೊಟ್ಟದ್ದು: ಸಂಬಳ, ಸಾಲ, ಬ್ಯಾಂಕಿನ ಲೆಕ್ಕ, ಮಕ್ಕಳು ಯಾರ ಬಳಿ ಮಲಗಬೇಕೆಂಬ ಜಗಳ. ಮೊದಲನೆಯದು ಸಂಬಂಧಪಟ್ಟವರ ಕೈಗೆ ಖರ್ಚಿಲ್ಲದೆ, ತಡವಿಲ್ಲದೆ ಬರಬೇಕು, ಬೇರೆಯವರು ಕೇಳಿದರೂ ಹೇಳಬೇಕು. ಎರಡನೆಯದು ಕೋರ್ಟಿನ ಕೌಂಟರಿನಲ್ಲಿ ಬಂದು ಕೇಳಿದವರಿಗೆ ತೆರೆದಿರಬೇಕು, ಅಂತರ್ಜಾಲದಲ್ಲಿ ಸುರಿದಿರಬಾರದು.

ಮೊದಲು ಹುಡುಕುವ ಕಷ್ಟ ನೋಡೋಣ. ಅಮೆರಿಕದಲ್ಲಿ ವಿಚ್ಛೇದನ ರಾಜ್ಯಗಳ ವಿಷಯ. ವಾಷಿಂಗ್ಟನ್ನಿನ ಕೇಂದ್ರ ಸರ್ಕಾರದ ಬಳಿ ವಿಚ್ಛೇದನದ ದಾಖಲೆಯೇ ಇಲ್ಲ. ದೇಶದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಕೌಂಟಿಗಳು, ಅವನ್ನು ನಮ್ಮ ಜಿಲ್ಲೆಯಂಥವು ಎನ್ನಬಹುದು. ಟೆಕ್ಸಸ್ ಒಂದರಲ್ಲೇ 254. ದಂಪತಿ ಮದುವೆಯಾದ ಊರಿನಲ್ಲಾಗಲಿ ಈಗ ವಾಸವಿರುವ ಊರಿನಲ್ಲಾಗಲಿ ಕಡತ ಇರಬೇಕೆಂದಿಲ್ಲ. ಯಾವ ಕೌಂಟಿಯ ಕೋರ್ಟು ತೀರ್ಪು ಕೊಟ್ಟಿತೋ ಅಲ್ಲಿ ಮಾತ್ರ ಇರುತ್ತದೆ. ಇದರ ವಿಚಿತ್ರ ಉದಾಹರಣೆ ನೆವಾಡಾ. 1931ರಲ್ಲಿ ಆ ರಾಜ್ಯ ವಿಚ್ಛೇದನಕ್ಕೆ ಬೇಕಾದ ವಾಸದ ಅವಧಿಯನ್ನು ಆರೇ ವಾರಕ್ಕೆ ಇಳಿಸಿತು. ಉಳಿದ ಬಹುಪಾಲು ರಾಜ್ಯಗಳಲ್ಲಿ ವ್ಯಭಿಚಾರ, ಕ್ರೌರ್ಯದಂಥ ತಪ್ಪು ಸಾಬೀತಾಗದೆ ಬಿಡುಗಡೆ ಸುಲಭವಿಲ್ಲದ ಕಾಲ ಅದು. ನ್ಯೂಯಾರ್ಕಿನವರು, ಹಾಲಿವುಡ್ಡಿನವರು ರೈಲು ಹತ್ತಿ ರೀನೋ ಪಟ್ಟಣಕ್ಕೆ ಬಂದು, ಆರು ವಾರ ಬಾಡಿಗೆ ಕೋಣೆಯಲ್ಲಿ ಕಾಲ ಕಳೆದು, ವಾಶೋ ಕೌಂಟಿಯ ಕೋರ್ಟಿನಲ್ಲಿ ತೀರ್ಪು ಪಡೆದು ಹಿಂದಿರುಗಿದರು. ಅವರ ಮೊಮ್ಮಕ್ಕಳು ಅಜ್ಜಿಯ ಕಾಗದ ಹುಡುಕಬೇಕಾದದ್ದು ಅಜ್ಜಿ ಬಾಳಿ ಬದುಕಿದ ಊರಿನಲ್ಲಲ್ಲ, ಆಕೆ ಒಂದೂವರೆ ತಿಂಗಳು ತಂಗಿದ್ದ ಊರಿನಲ್ಲಿ.

ಕೌಂಟಿ ಗೊತ್ತಾದರೂ ಯಾವ ಬಾಗಿಲು ತಟ್ಟಬೇಕೆಂಬುದು ರಾಜ್ಯಕ್ಕೊಂದು ರೀತಿ. ಟೆಕ್ಸಸ್ಸಿನಲ್ಲಿ ಮದುವೆಯ ಲೈಸೆನ್ಸು ಕೊಡುವವರು ಕೌಂಟಿ ಕ್ಲರ್ಕ್, ವಿಚ್ಛೇದನದ ಕಡತ ಇರುವುದು ಡಿಸ್ಟ್ರಿಕ್ಟ್ ಕ್ಲರ್ಕ್ ಬಳಿ. ಕ್ಯಾಲಿಫೋರ್ನಿಯಾದಲ್ಲಿ ಅದು ಸುಪೀರಿಯರ್ ಕೋರ್ಟಿನಲ್ಲಿ, ಇಲಿನಾಯ್‌ನಲ್ಲಿ ಸರ್ಕ್ಯೂಟ್ ಕೋರ್ಟಿನ ಕ್ಲರ್ಕ್ ಬಳಿ. ನ್ಯೂಯಾರ್ಕಿನಲ್ಲಿ ವಿಚ್ಛೇದನ ಕೊಡುವ ಕೆಳಹಂತದ ಕೋರ್ಟಿಗೇ ‘ಸುಪ್ರೀಂ ಕೋರ್ಟ್’ ಎಂದು ಹೆಸರು, ಆದರೆ ಅದರ ಕಾಗದಪತ್ರ ಕೌಂಟಿ ಕ್ಲರ್ಕ್ ಕಪಾಟಿನಲ್ಲಿ. ರಾಜ್ಯಮಟ್ಟದಲ್ಲಿ ಕೇಳಿದರೆ ಆಗದೇ ಎಂದರೆ, ಕ್ಯಾಲಿಫೋರ್ನಿಯಾದ ಸಾರ್ವಜನಿಕ ಆರೋಗ್ಯ ಇಲಾಖೆಯ ಬಳಿ 1962ರಿಂದ 1984ರ ಜೂನ್‌ವರೆಗಿನ ವಿಚ್ಛೇದನಗಳ ಪಟ್ಟಿ ಮಾತ್ರ ಇದೆ. ಅದೂ ಕೊಡುವುದು ಹೆಸರು, ಕೌಂಟಿ, ಕೇಸ್ ನಂಬರು ಇರುವ ಒಂದು ಪ್ರಮಾಣಪತ್ರವನ್ನಷ್ಟೇ, ತೀರ್ಪನ್ನಲ್ಲ. 1984ರ ನಂತರದವರಿಗೆ ಅಷ್ಟೂ ಇಲ್ಲ; 58 ಕೌಂಟಿಗಳಲ್ಲಿ ಯಾವುದೆಂದು ತಾವೇ ಊಹಿಸಬೇಕು. ಟೆಕ್ಸಸ್ 1968ರಿಂದ ಸೂಚಿಯನ್ನು ಬಿಡದೆ ಇಟ್ಟುಕೊಂಡು ಬಂದಿದೆ, ಇಂಥವರ ವಿಚ್ಛೇದನ ಇಂಥ ಕೌಂಟಿಯಲ್ಲಿ ದಾಖಲಾಗಿದೆ ಎಂದು ಪತ್ರ ಕೊಡುತ್ತದೆ. ಒಂದೇ ದೇಶದ ಎರಡು ದೊಡ್ಡ ರಾಜ್ಯಗಳಲ್ಲಿ ಒಂದಕ್ಕೆ ಸಾಧ್ಯವಾದದ್ದು ಇನ್ನೊಂದಕ್ಕೆ ಬೇಡವಾಗಿದೆ. ಪರಿಣಾಮ ದೇಶದ ಲೆಕ್ಕಕ್ಕೂ ತಟ್ಟಿದೆ: ಅಮೆರಿಕದ ಆರೋಗ್ಯ ಅಂಕಿಅಂಶ ಕೇಂದ್ರ ವಿಚ್ಛೇದನಗಳ ವಿವರವಾದ ಮಾಹಿತಿ ಕಲೆಹಾಕುವುದನ್ನು 1996ರಲ್ಲಿ ನಿಲ್ಲಿಸಿತು. ಇತ್ತೀಚಿನ ವರ್ಷಗಳ ರಾಷ್ಟ್ರೀಯ ಎಣಿಕೆಯಲ್ಲಿ, ಅತಿ ಹೆಚ್ಚು ಜನರಿರುವ ಕ್ಯಾಲಿಫೋರ್ನಿಯಾವೇ ಸೇರಿಲ್ಲ.

ಈ ಹುಡುಕಾಟ ಕನ್ನಡಿಗರಿಗೆ ಇನ್ನೊಂದು ಸುತ್ತು ಹೆಚ್ಚು ಕಷ್ಟ, ಕಾರಣ ನಮ್ಮ ಹೆಸರುಗಳು. ಕೋರ್ಟಿನ ಸೂಚಿ ನಡೆಯುವುದು ಮನೆತನದ ಹೆಸರಿನ ಮೇಲೆ. ನಮ್ಮಲ್ಲಿ ಊರಿನ ಹೆಸರು ಮೊದಲು, ಅಪ್ಪನ ಹೆಸರು ಇನಿಷಿಯಲ್ಲಿನಲ್ಲಿ, ಸ್ವಂತ ಹೆಸರು ಕೊನೆಗೆ. ಪಾಸ್‌ಪೋರ್ಟಿಗಾಗಿ ಇನಿಷಿಯಲ್ ಬಿಡಿಸಿದಾಗ ಅಪ್ಪನ ಹೆಸರೇ ಮನೆತನದ ಹೆಸರಾಗುತ್ತದೆ, ಕೆಲವೊಮ್ಮೆ ಊರೇ ಮನೆತನವಾಗುತ್ತದೆ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ಅಮೆರಿಕದ ವೀಸಾದಲ್ಲಿ ಆ ಹೆಸರು ಮನೆತನದ ಜಾಗಕ್ಕೆ ಹೋಗಿ, ಸ್ವಂತ ಹೆಸರಿನ ಜಾಗದಲ್ಲಿ ‘ಎಫ್ಎನ್‌ಯು’ ಎಂಬ ಮೂರಕ್ಷರ ಬರುತ್ತದೆ, ಮೊದಲ ಹೆಸರು ತಿಳಿದಿಲ್ಲ ಎಂಬುದರ ಸಂಕ್ಷೇಪ. ಹೀಗೆ ಹೆಸರಿಲ್ಲದವಳಾಗಿ ಆ ದೇಶಕ್ಕೆ ಹೋದ ಲಕ್ಷ್ಮಿಯೋ ಸವಿತಳೋ ಅಲ್ಲಿ ಗಂಡನ ಹೆಸರು ಸೇರಿಸಿಕೊಂಡು, ಬಿಟ್ಟ ಮೇಲೆ ಹಳೆಯ ಹೆಸರಿಗೆ ಮರಳಿದರೆ, ಒಬ್ಬಳೇ ಹೆಂಗಸು ಮೂರು ಹೆಸರುಗಳಲ್ಲಿ ಹರಿದು ಹಂಚಿಹೋಗುತ್ತಾಳೆ. ಕೇಸ್ ನಂಬರು ಕೈಯಲ್ಲಿದ್ದರೆ ಇದೊಂದೂ ತೊಡಕಲ್ಲ. ಆದರೆ ಮನೆಯ ಕಾಗದಪತ್ರವೆಲ್ಲ ಒಬ್ಬರ ಬೀರುವಿನಲ್ಲಿದ್ದು, ಇನ್ನೊಬ್ಬರು ಎರಡು ಸೂಟ್‌ಕೇಸಿನೊಂದಿಗೆ ಹೊರಬಿದ್ದ ಮದುವೆಗಳಲ್ಲಿ ಆ ನಂಬರು ಇರುವುದು ಬೀರುವಿದ್ದವರ ಹತ್ತಿರ. ಅವಲಂಬಿತರ ವೀಸಾದಲ್ಲಿ ಹೋದವರು ಆ ಎರಡನೆಯವರಾಗುವುದೇ ಹೆಚ್ಚು.

ಕಾಗದ ಸಿಕ್ಕ ಮಾತ್ರಕ್ಕೆ ಕೆಲಸವಾಗುವುದಿಲ್ಲ, ಅದು ದೃಢೀಕೃತ ನಕಲಾಗಿರಬೇಕು. ಕ್ಯಾಲಿಫೋರ್ನಿಯಾದ ಕೋರ್ಟು ಸಾದಾ ನಕಲಿಗೆ ಪುಟಕ್ಕೆ 50 ಸೆಂಟ್ ಪಡೆಯುತ್ತದೆ, ಕ್ಲರ್ಕ್ ಮೊಹರು ಒತ್ತಿ ದೃಢೀಕರಿಸಲು 15 ಡಾಲರ್ ಬೇರೆ, ಹುಡುಕಲು ಹತ್ತು ನಿಮಿಷ ಮೀರಿದರೆ ಅದಕ್ಕೂ 15 ಡಾಲರ್. ಬ್ಯಾಂಕಿಗೆ, ವಲಸೆ ಇಲಾಖೆಗೆ, ಪಾಸ್‌ಪೋರ್ಟ್ ಕಚೇರಿಗೆ ಮಾನ್ಯವಾಗುವುದು ಆ ಮೊಹರು. ಅದರ ಬೆಲೆ ಏನೆಂದು ಭಾರತದ ಸುಪ್ರೀಂ ಕೋರ್ಟು 1991ರ ಜುಲೈನಲ್ಲಿ ತೋರಿಸಿಕೊಟ್ಟಿತು. 1975ರಲ್ಲಿ ತಿರುಪತಿಯಲ್ಲಿ ಮದುವೆಯಾದ ಒಬ್ಬ ಗಂಡ, ಹೆಂಡತಿ ಭಾರತದಲ್ಲಿದ್ದಾಗಲೇ ಅಮೆರಿಕದ ಮಿಸ್ಸೌರಿ ರಾಜ್ಯದ ಸೇಂಟ್ ಲೂಯಿಸ್ ಕೌಂಟಿಯ ಸರ್ಕ್ಯೂಟ್ ಕೋರ್ಟಿನಿಂದ 1980ರಲ್ಲಿ ವಿಚ್ಛೇದನ ತಂದ. ಮರುವರ್ಷ ಇನ್ನೊಂದು ಮದುವೆಯಾದ. ಮೊದಲ ಹೆಂಡತಿ ದ್ವಿಪತ್ನಿತ್ವದ ದೂರು ಕೊಟ್ಟಳು. ಗಂಡ ಹಾಜರುಪಡಿಸಿದ್ದು ಮಿಸ್ಸೌರಿ ತೀರ್ಪಿನ ಫೋಟೊಸ್ಟಾಟ್ ಪ್ರತಿ. ಫೋಟೊಸ್ಟಾಟ್ ಆದ್ದರಿಂದ ಅದು ಸಾಕ್ಷ್ಯವಲ್ಲ ಎಂದಿತ್ತು ಆಂಧ್ರಪ್ರದೇಶ ಹೈಕೋರ್ಟು. ಸುಪ್ರೀಂ ಕೋರ್ಟು ಅದನ್ನು ತಿದ್ದಿತು: ಸೇಂಟ್ ಲೂಯಿಸ್‌ನ ಡೆಪ್ಯುಟಿ ಕ್ಲರ್ಕ್ ದೃಢೀಕರಿಸಿದ್ದಾರೆ, ಆದ್ದರಿಂದ ಫೋಟೊಸ್ಟಾಟ್ ಎಂಬುದು ದೋಷವಲ್ಲ, ಅಮೆರಿಕದಲ್ಲಿರುವ ನಮ್ಮ ಸರ್ಕಾರದ ಪ್ರತಿನಿಧಿಯ ಇನ್ನೊಂದು ದೃಢೀಕರಣ ಇಲ್ಲದಿರುವುದೇ ದೋಷ. ವಿದೇಶಿ ವಿಚ್ಛೇದನ ಇಲ್ಲಿ ಯಾವಾಗ ಸಲ್ಲುತ್ತದೆ, ಯಾವಾಗ ಸಲ್ಲದು ಎಂಬ ದೊಡ್ಡ ನಿಯಮಗಳಿಗಾಗಿ ಆ ತೀರ್ಪು ಹೆಸರಾಯಿತು. ಹೆಂಡತಿ ಆ ಕೋರ್ಟಿನ ಅಧಿಕಾರಕ್ಕೆ ಒಪ್ಪಿರಲಿಲ್ಲ, ಅಲ್ಲಿ ಕೊಟ್ಟ ಕಾರಣ ನಮ್ಮ ಕಾಯ್ದೆಯಲ್ಲಿರಲಿಲ್ಲ ಎಂಬುದೇ ಮುಖ್ಯವಾಯಿತು. ಆದರೆ ಕೌಂಟಿಯೊಂದರ ಡೆಪ್ಯುಟಿ ಕ್ಲರ್ಕ್ ಒತ್ತಿದ ಮೊಹರನ್ನು ದೆಹಲಿಯ ನ್ಯಾಯಮೂರ್ತಿಗಳು ಹಿಡಿದು ನೋಡಿದರು ಎಂಬುದನ್ನು ನಾವು ಮರೆಯಬಾರದು. ಇಂದು ಈ ಎರಡು ದೇಶಗಳ ನಡುವೆ ‘ಅಪೊಸ್ಟಿಲ್’ ಎಂಬ ಅಂತರರಾಷ್ಟ್ರೀಯ ದೃಢೀಕರಣ ಇದೆ. ಆ ಒಪ್ಪಂದಕ್ಕೆ ಅಮೆರಿಕ 1981ರಲ್ಲಿ, ಭಾರತ 2005ರಲ್ಲಿ ಸೇರಿದವು. ಅಪೊಸ್ಟಿಲ್ ಅಂಟಿಸುವುದು ರಾಜ್ಯದ ಕಚೇರಿ. ಆದರೆ ಕೆಳಗೆ ಕೌಂಟಿಯ ಮೊಹರಿಲ್ಲದಿದ್ದರೆ ಅದು ಅಂಟಿಸುವುದಾದರೂ ಯಾವುದಕ್ಕೆ?

ಇಷ್ಟು ಹೇಳಿದ ಮೇಲೆ ಕೆಲವರು ಕೇಳುತ್ತಾರೆ: ಸಂಬಂಧಪಟ್ಟ ಇಬ್ಬರಿಗೆ ಮಾತ್ರ ಕೊಟ್ಟು ಉಳಿದವರಿಗೆ ಬಾಗಿಲು ಮುಚ್ಚಿದರೆ ಆಯಿತಲ್ಲ? ನ್ಯೂಯಾರ್ಕ್ ಹಾಗೆಯೇ ಮಾಡಿದೆ. ಅಲ್ಲಿನ ಕೌಟುಂಬಿಕ ಕಾಯ್ದೆಯ ಪ್ರಕಾರ ವಿಚ್ಛೇದನದ ಕಡತವನ್ನು ನೂರು ವರ್ಷದವರೆಗೆ ದಂಪತಿ ಮತ್ತು ಅವರ ವಕೀಲರ ಹೊರತು ಬೇರೆಯವರು ನೋಡಬೇಕಾದರೆ ನ್ಯಾಯಾಲಯದ ಆದೇಶ ಬೇಕು. ಈ ವಾದಕ್ಕೆ ತೂಕವಿದೆ, ಮನೆಯ ಮಾತು ಮನೆಯಲ್ಲಿರಲಿ ಎಂಬುದು ನಮಗೂ ಒಪ್ಪಿಗೆಯ ಮಾತೇ. ಆದರೆ ದಾವಣಗೆರೆಯಲ್ಲೋ ಶಿರಸಿಯಲ್ಲೋ ಮಗಳ ಎರಡನೇ ಮದುವೆಗೆ ಗಂಡು ನೋಡುತ್ತಿರುವ ತಂದೆಯ ಕಡೆಯಿಂದ ಯೋಚಿಸಿ. ವರ ಅಮೆರಿಕದಲ್ಲಿದ್ದಾನೆ, ಮೊದಲ ಮದುವೆ ಮುಗಿದಿದೆ ಎಂದು ಒಂದು ಜೆರಾಕ್ಸ್ ಕಳಿಸಿದ್ದಾನೆ. ಅರ್ಜಿ ಹಾಕಿದ್ದಕ್ಕೂ ತೀರ್ಪು ಬಂದದ್ದಕ್ಕೂ ಇರುವ ಅಂತರ ಆ ಜೆರಾಕ್ಸಿನಲ್ಲಿ ಕಾಣದೆ ಹೋಗಬಹುದು. ವರ ಕ್ಯಾಲಿಫೋರ್ನಿಯಾದವನಾದರೆ ಆ ತಂದೆ ಕೋರ್ಟಿಗೆ ಬರೆದು ತೀರ್ಪಿನ ನಕಲು ತರಿಸಿಕೊಳ್ಳಬಹುದು. ನ್ಯೂಯಾರ್ಕಿನವನಾದರೆ ಆ ನಕಲು ತಂದೆಗೆ ಸಿಗುವುದಿಲ್ಲ. ಅಲ್ಲಿನ ಆರೋಗ್ಯ ಇಲಾಖೆ 1963ರಿಂದ ಇಟ್ಟಿರುವ ಪ್ರಮಾಣಪತ್ರವೂ ದಂಪತಿಗಷ್ಟೇ ಸಿಗುವಂಥದ್ದು. ಮದುವೆಯಾಗಿದೆ ಎಂಬುದು ನಾಲ್ಕು ಜನರ ಎದುರಿನ ಸಂಗತಿಯಾದರೆ, ಅದು ಮುಗಿದಿದೆ ಎಂಬುದು ಗುಟ್ಟಾಗಿರಲು ಕಾರಣವಿಲ್ಲ. ಇದು ಬರೀ ಇಬ್ಬರ ಗುಟ್ಟೂ ಅಲ್ಲ, ಮೂರನೆಯವರ ಬದುಕು ಇದರ ಮೇಲೆ ನಿಲ್ಲುತ್ತದೆ.

ಕಡತವನ್ನೂ ಪೂರ್ತಿ ಮುಚ್ಚಲಾಗದು ಎನ್ನುವುದಕ್ಕೆ ಬೇರೆ ಕಾರಣವಿದೆ. ವಿಚ್ಛೇದನದಲ್ಲಿ ನ್ಯಾಯಾಧೀಶರ ಕೈಯಲ್ಲಿರುವ ಅಧಿಕಾರ ದೊಡ್ಡದು: ಯಾರಿಗೆ ಮಗು, ಯಾರಿಗೆ ಮನೆ, ತಿಂಗಳಿಗೆ ಎಷ್ಟು ಜೀವನಾಂಶ. ಒಬ್ಬ ನ್ಯಾಯಾಧೀಶ ಸದಾ ಶ್ರೀಮಂತರ ಪರ ವಾಲುತ್ತಾನೋ, ತಾಯಂದಿರಿಗೇ ಮಕ್ಕಳನ್ನು ಕೊಡುತ್ತಾನೋ ಎಂದು ತಿಳಿಯಬೇಕಾದರೆ ಕಡತ ಓದಲೇಬೇಕು. ಕ್ಯಾಲಿಫೋರ್ನಿಯಾದ ಶಾಸನಸಭೆ ಒಮ್ಮೆ ಕಾಯ್ದೆ ಮಾಡಿ, ದಂಪತಿಯಲ್ಲಿ ಒಬ್ಬರು ಕೇಳಿದರೆ ಸಾಕು ಆಸ್ತಿ ವಿವರವಿರುವ ಕಾಗದವನ್ನೆಲ್ಲ ಕೋರ್ಟು ಮುಚ್ಚಲೇಬೇಕು ಎಂದಿತ್ತು. 2006ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಆ ಕಾಯ್ದೆಯನ್ನು ರದ್ದು ಮಾಡಿತು, ಸಂವಿಧಾನ ಕೊಟ್ಟ ತಿಳಿಯುವ ಹಕ್ಕಿಗೆ ಅದು ಅಡ್ಡ ಬರುತ್ತದೆ ಎಂಬ ಕಾರಣಕ್ಕೆ. ಆ ಪ್ರಕರಣದಲ್ಲಿ ಮುಚ್ಚಿರಿ ಎಂದು ಕೇಳಿದ್ದವರು ಕೋಟ್ಯಧಿಪತಿ. ಬಾಗಿಲು ಮುಚ್ಚುವ ಸೌಲಭ್ಯದ ಲಾಭ ಮೊದಲು ಹೋಗುವುದು ಮುಚ್ಚಿಡಲು ಹೆಚ್ಚು ಇರುವವರಿಗೆ.

ಹಾಗೆಂದು ತೆರೆದಿಟ್ಟರೆ ಎಲ್ಲ ಸರಿಹೋಗುತ್ತದೆ ಎನ್ನಲಾಗದು, 2004ರ ಒಂದು ಪ್ರಕರಣ ಅದಕ್ಕೆ ಸಾಕ್ಷಿ. ಇಲಿನಾಯ್ ರಾಜ್ಯದಿಂದ ಸೆನೆಟ್ಟಿಗೆ ರಿಪಬ್ಲಿಕನ್ ಅಭ್ಯರ್ಥಿಯಾಗಿದ್ದವರು ಜ್ಯಾಕ್ ರಯಾನ್. ಅವರ ವಿಚ್ಛೇದನ 1999ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆಗಿತ್ತು, ಮಗುವಿನ ಪಾಲನೆಯ ಕಾಗದಗಳು ಲಾಸ್ ಏಂಜಲೀಸ್ ಕೋರ್ಟಿನಲ್ಲಿ ಮುಚ್ಚಿದ್ದವು. ‘ಷಿಕಾಗೊ ಟ್ರಿಬ್ಯೂನ್’ ಪತ್ರಿಕೆ ಮತ್ತು ಒಂದು ಟೀವಿ ವಾಹಿನಿ ತೆರೆಯಿರಿ ಎಂದು ಅರ್ಜಿ ಹಾಕಿದವು. ತಂದೆ ತಾಯಿ ಇಬ್ಬರೂ ಮಗುವಿನ ಸಲುವಾಗಿ ಬೇಡವೆಂದು ಒಟ್ಟಿಗೆ ಬೇಡಿಕೊಂಡರು. ಜೂನ್‌ನಲ್ಲಿ ಕೋರ್ಟು ಹಲವು ಕಾಗದಗಳನ್ನು ಹೊರಬಿಟ್ಟಿತು. ಒಳಗಿದ್ದ ಆರೋಪಗಳನ್ನು ರಯಾನ್ ಅಲ್ಲಗಳೆದರೂ ಕೆಲವೇ ದಿನಗಳಲ್ಲಿ ಕಣದಿಂದ ಹಿಂದೆ ಸರಿಯಬೇಕಾಯಿತು. ಆ ನವೆಂಬರಿನಲ್ಲಿ ಆ ಸ್ಥಾನ ಗೆದ್ದವರು ಬರಾಕ್ ಒಬಾಮ. ಮತದಾರನಿಗೆ ಅಭ್ಯರ್ಥಿಯ ಬಗ್ಗೆ ತಿಳಿಯುವ ಹಕ್ಕು ಹೆಚ್ಚೋ, ಒಂಬತ್ತು ವರ್ಷದ ಮಗುವಿನ ನೆಮ್ಮದಿ ಹೆಚ್ಚೋ ಎಂಬ ಪ್ರಶ್ನೆಗೆ ನ್ಯಾಯಾಧೀಶರೊಬ್ಬರು ಎರಡೂ ಕಡೆ ಕೇಳಿ ಉತ್ತರ ಕೊಟ್ಟರು. ಆ ಉತ್ತರ ಒಪ್ಪಬಹುದು, ಬಿಡಬಹುದು. ತೂಗಿ ನೋಡಲು ಒಬ್ಬರಿದ್ದರು ಎಂಬುದು ಮುಖ್ಯ. ಹೆಸರು ಟೈಪ್ ಮಾಡಿದೊಡನೆ ಕಡತ ತೆರೆಯುವ ಪರದೆಯ ಹಿಂದೆ ತೂಗುವವರು ಯಾರೂ ಇರುವುದಿಲ್ಲ.

ಅಮೆರಿಕದ ಸುಪ್ರೀಂ ಕೋರ್ಟು ಇದನ್ನು ಬಹಳ ಹಿಂದೆಯೇ ಗುರುತಿಸಿತ್ತು. ಮಾಜಿ ಅಧ್ಯಕ್ಷ ನಿಕ್ಸನ್ ಅವರ ಧ್ವನಿಸುರುಳಿಗಳ ಕುರಿತ 1978ರ ತೀರ್ಪಿನಲ್ಲಿ, ಕೋರ್ಟಿನ ದಾಖಲೆ ನೋಡಿ ನಕಲು ಪಡೆಯುವ ಹಕ್ಕು ಸಾರ್ವಜನಿಕರಿಗಿದೆ ಎಂದ ನ್ಯಾಯಮೂರ್ತಿಗಳು, ಆ ಹಕ್ಕಿಗೂ ಮಿತಿಯಿದೆ ಎಂದು ತೋರಿಸಲು ನೆನೆದದ್ದು ರೋಡ್ ಐಲೆಂಡ್ ರಾಜ್ಯದ 1893ರ ಒಂದು ವಿಚ್ಛೇದನದ ವಿಷಯವನ್ನೇ: ಯಾರದೋ ಹಗೆ ತೀರಿಸಿಕೊಳ್ಳಲು, ಬೀದಿಯ ಬಾಯಿಚಪಲಕ್ಕೆ ಉಣಿಸಲು ಕೋರ್ಟಿನ ಕಡತ ಸಾಧನವಾಗಬಾರದು. 1989ರಲ್ಲಿ, ಎಫ್‌ಬಿಐ ಒಬ್ಬರ ಬಗ್ಗೆ ಕಂಪ್ಯೂಟರಿನಲ್ಲಿ ಕೂಡಿಸಿಟ್ಟ ಅಪರಾಧ ವಿವರ ಕೊಡಬೇಕೇ ಎಂಬ ಪ್ರಶ್ನೆ ಬಂದಾಗ ಅದೇ ಕೋರ್ಟು ಇನ್ನೂ ಸೂಕ್ಷ್ಮವಾದ ಮಾತು ಹೇಳಿತು. ಊರೂರಿನ ಕೋರ್ಟು ಕಡತ, ಕೌಂಟಿಯ ದಫ್ತರ, ಪೊಲೀಸ್ ಠಾಣೆ ಅಲೆದು ಹುಡುಕಿದರೆ ಸಿಗಬಹುದಾದ ದಾಖಲೆಗೂ, ಅವೆಲ್ಲ ಒಂದೇ ಕಡೆ ಕೂಡಿಟ್ಟ ಸಾರಾಂಶಕ್ಕೂ ಅಗಾಧ ವ್ಯತ್ಯಾಸವಿದೆ. ಚದುರಿರುವುದೇ ಒಂದು ರಕ್ಷಣೆ. ಕೌಂಟರಿಗೆ ಬರುವವನಿಗೆ ಒಂದು ಕಾರಣ ಇರುತ್ತದೆ, ಒಬ್ಬರ ಹೆಸರು ಹೇಳಿ ಒಂದು ಕಡತ ಕೇಳುತ್ತಾನೆ. ರಾತ್ರೋರಾತ್ರಿ ಸಾವಿರಾರು ಕಡತ ಎತ್ತಿಕೊಂಡು ಹೋಗಲು ಅವನಿಂದಾಗದು. ಜರಡಿಯಂತೆ ಕೆಲಸ ಮಾಡುವುದು ಆ ಸಣ್ಣ ಶ್ರಮವೇ.

ಇದನ್ನು ನಿಯಮವಾಗಿ ಬರೆದ ರಾಜ್ಯವೂ ಇದೆ. ಕ್ಯಾಲಿಫೋರ್ನಿಯಾದ ಕೋರ್ಟು ನಿಯಮಗಳಲ್ಲಿ 2.503ನೆಯದು, ಕೌಟುಂಬಿಕ ಮೊಕದ್ದಮೆಗಳ ಕಾಗದಗಳನ್ನು ಕೋರ್ಟಿನ ಆವರಣದಲ್ಲಿರುವ ಕಂಪ್ಯೂಟರಿನಲ್ಲಿ ಸಾರ್ವಜನಿಕರು ನೋಡಬಹುದು, ಹೊರಗಿನಿಂದ ಅಂತರ್ಜಾಲದ ಮೂಲಕ ಅಲ್ಲ ಎನ್ನುತ್ತದೆ. ಕೇಸ್ ಇದೆಯೇ, ಯಾವ ದಿನ ಏನಾಯಿತು ಎಂಬ ವಹಿ ಮತ್ತು ಸೂಚಿಗೆ ಮಾತ್ರ ಆ ತಡೆ ಇಲ್ಲ. ಇದೇ ವಿವೇಕ ನಮ್ಮ ಹೈಕೋರ್ಟಿನಿಂದಲೂ ಬಂದಿದೆ. 2017ರ ಜನವರಿಯಲ್ಲಿ, ಮದುವೆಗೆ ಸಂಬಂಧಿಸಿದ ಹಳೆಯ ವ್ಯಾಜ್ಯವೊಂದರಲ್ಲಿ ಮಗಳ ಹೆಸರು ಅಂತರ್ಜಾಲದ ಹುಡುಕಾಟದಲ್ಲಿ ಬರುತ್ತಿದೆ ಎಂದು ತಂದೆಯೊಬ್ಬರು ಬಂದಾಗ, ಕರ್ನಾಟಕ ಹೈಕೋರ್ಟು ಆ ಹೆಸರು ಸಾರ್ವಜನಿಕ ಹುಡುಕಾಟದಲ್ಲಿ ಕಾಣದಂತೆ ನೋಡಿಕೊಳ್ಳಲು ತನ್ನ ರಿಜಿಸ್ಟ್ರಿಗೆ ಸೂಚಿಸಿತು. ಆದರೆ ಯಾರಾದರೂ ಆದೇಶದ ದೃಢೀಕೃತ ನಕಲಿಗೆ ಅರ್ಜಿ ಹಾಕಿದರೆ ಅದರಲ್ಲಿ ಹೆಸರು ಇದ್ದೇ ಇರುತ್ತದೆ ಎಂದೂ ಸ್ಪಷ್ಟಪಡಿಸಿತು. ಅರ್ಜಿ ಹಾಕಿ ಕೇಳಿದವರಿಗೆ ಪೂರ್ಣ ಸತ್ಯ, ಬೆರಳಾಡಿಸುವವರಿಗೆ ಅದು ಇಲ್ಲ. ಸಾವಿರಾರು ಮೈಲಿ ದೂರದ ಎರಡು ವ್ಯವಸ್ಥೆಗಳು ಬೇರೆ ಬೇರೆ ದಾರಿಯಲ್ಲಿ ಬಂದು ಒಂದೇ ಕೌಂಟರಿನ ಮುಂದೆ ನಿಂತಿವೆ.

ಇದಕ್ಕೆ ಬರುವ ಗಟ್ಟಿ ಆಕ್ಷೇಪ ಸಮಾನತೆಯದು. ಕೌಂಟರಿಗೆ ಬಾ ಎನ್ನುವುದು ಹತ್ತಿರದವನಿಗೆ, ರಜೆ ಸಿಗುವವನಿಗೆ, ವಕೀಲನನ್ನು ಕಳಿಸಬಲ್ಲವನಿಗೆ ಅನುಕೂಲ. ಮೈಸೂರಿಗೆ ಮರಳಿದ ಹೆಂಗಸು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ಕೌಂಟರಿಗೆ ಹೇಗೆ ಹೋಗುತ್ತಾಳೆ? ಆಕ್ಷೇಪ ನಿಜ, ಆದರೆ ಅದು ಬೀಳುವುದು ನನ್ನ ವಾದದ ಮೇಲಲ್ಲ, ಎಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದ ಪದ್ಧತಿಯ ಮೇಲೆ. ಆಕೆ ಹೊರಗಿನವಳಲ್ಲ, ಆ ಮೊಕದ್ದಮೆಯ ಒಂದು ಪಕ್ಷ. ಗುರುತು ಖಚಿತಪಡಿಸಿಕೊಂಡು ಪಕ್ಷಗಾರರಿಗೆ ದೂರದಿಂದಲೇ ತಮ್ಮ ಕಡತ ತೋರಿಸುವುದು ಇಂದು ಕಷ್ಟದ ಕೆಲಸವಲ್ಲ, ಕ್ಯಾಲಿಫೋರ್ನಿಯಾದ ನಿಯಮಗಳೇ ಅದಕ್ಕೆ ಅವಕಾಶ ಕೊಟ್ಟಿವೆ. ದಾವಣಗೆರೆಯ ಆ ತಂದೆಗೆ ಬೇಕಿರುವುದೂ ಕಡತವಲ್ಲ, ತೀರ್ಪಿನ ಹಾಳೆ. ಅದು ಅಂಚೆಯಲ್ಲಿ ಬರಲಿ. ಕೌಂಟರಿನ ಶ್ರಮ ಉಳಿಯುವುದು ಮೂರನೆಯ ಗುಂಪಿಗೆ, ಪಕ್ಷಗಾರರಲ್ಲದೆಯೂ ಒಳಗಿನ ವಿವರ ಬೇಕೆನ್ನುವವರಿಗೆ. ಪತ್ರಕರ್ತರೋ ಸಂಶೋಧಕರೋ ಆಗಿದ್ದರೆ ಅಲ್ಲಿಗೆ ಹೋಗುವುದು ಅವರ ವೃತ್ತಿಯ ಭಾಗ.

ಎರಡನೇ ಆಕ್ಷೇಪ: ತೀರ್ಪು ಬಂದಾಗಲೇ ಇಬ್ಬರಿಗೂ ಅಂಚೆಯಲ್ಲಿ ಸೂಚನೆ ಹೋಗಿರುತ್ತದೆ, ಅದನ್ನು ಕಳೆದುಕೊಂಡವರ ಅಜಾಗ್ರತೆಗೆ ಕೋರ್ಟೇಕೆ ಹೊಣೆ? ಕ್ಯಾಲಿಫೋರ್ನಿಯಾದಲ್ಲಿ ‘ಎಫ್‌ಎಲ್-190’ ಎಂಬ ಸೂಚನಾಪತ್ರ ಹೋಗುವುದು ನಿಜ. ಅದು ಹೋಗುವುದು ಕಡತದಲ್ಲಿರುವ ವಿಳಾಸಕ್ಕೆ. ಮದುವೆ ಮುರಿಯುವ ಹೊತ್ತಿನಲ್ಲಿ ಮನೆ ಬಿಡದವರು, ವಿಳಾಸ ಬದಲಾಗದವರು ಎಷ್ಟು ಮಂದಿ? ಸೂಚನೆ ಸಿಕ್ಕರೂ ಅದು ದೃಢೀಕೃತ ನಕಲಲ್ಲ. ಶುಲ್ಕ ಕಡಿಮೆಯೇ ಇದೆ, ಬಡವರಿಗೆ ಮಾಫಿ ಅರ್ಜಿಯೂ ಇದೆ ಎನ್ನಬಹುದು. ಮಾಫಿಗೆ ಇನ್ನೊಂದು ನಮೂನೆ, ಅದರಲ್ಲಿ ಆದಾಯದ ಇನ್ನೊಂದು ಕಥೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವ ಗಾದೆಯಲ್ಲಿ ಪೂಜಾರಿ ಕೆಟ್ಟವನಾಗಿರಬೇಕಿಲ್ಲ. ಗರ್ಭಗುಡಿಯ ಬೀಗದ ಕೈ ಅವನೊಬ್ಬನ ಬಳಿ ಇದ್ದರೆ ಸಾಕು. ಕಾಗದ ಎಂದೆಂದಿಗೂ ಅಲ್ಲೇ ಇರುತ್ತದೆ, ಬೇಕಾದಾಗ ಪಡೆಯಬಹುದು ಎಂಬ ಧೈರ್ಯವೂ ಪೂರ್ತಿ ನಿಜವಲ್ಲ. 1871ರ ಬೆಂಕಿಯಲ್ಲಿ ಷಿಕಾಗೊದ ಕುಕ್ ಕೌಂಟಿಯ ಕೋರ್ಟು ಕಡತಗಳ ಸಮೇತ ಉರಿದುಹೋಯಿತು. 1906ರ ಭೂಕಂಪದ ಬೆನ್ನಿಗೆ ಎದ್ದ ಬೆಂಕಿ ಸ್ಯಾನ್ ಫ್ರಾನ್ಸಿಸ್ಕೊದ ದಾಖಲೆಗಳನ್ನು ನುಂಗಿತು. ಒಂದೇ ಕಟ್ಟಡದಲ್ಲಿ ಒಂದೇ ಪ್ರತಿ ಇಟ್ಟು, ಉಳಿದವರು ಬೇಕಾದಾಗ ಬಂದು ಕೇಳಲಿ ಎನ್ನುವುದು ಅಪಾಯದ ಲೆಕ್ಕ.

ಮೂರನೆಯದು ಇನ್ನೂ ಸೂಕ್ಷ್ಮ: ಟೆಕ್ಸಸ್ಸಿನಂತೆ ರಾಜ್ಯಕ್ಕೊಂದು ಸೂಚಿ ಬೇಕೆನ್ನುವವರು, ಚದುರಿರುವುದೇ ರಕ್ಷಣೆ ಎಂದು ಈಗಷ್ಟೇ ಹೇಳಿದ್ದನ್ನು ತಾವೇ ಮುರಿಯುವುದಿಲ್ಲವೇ? ಮುರಿಯುತ್ತಿದ್ದರು, ಸೂಚಿಯಲ್ಲಿ ಕಡತದ ಒಳವಿಷಯ ಸೇರಿದ್ದರೆ. ಇಬ್ಬರ ಹೆಸರು, ಕೌಂಟಿ, ಕೇಸ್ ನಂಬರು, ಮದುವೆ ಮುಗಿದ ದಿನಾಂಕ ಇಷ್ಟೇ ಇದ್ದರೆ ಅದರಿಂದ ತಿಳಿಯುವುದು ಯಾವ ಬಾಗಿಲು ತಟ್ಟಬೇಕೆಂಬುದು ಮಾತ್ರ. ಟೆಕ್ಸಸ್ ಅಷ್ಟನ್ನು ಐವತ್ತು ವರ್ಷಕ್ಕೂ ಮೀರಿ ಮಾಡಿಕೊಂಡು ಬಂದಿದೆ. ಬೆದರಿಕೆಗೆ ಹೆದರಿ ವಿಳಾಸ ಬದಲಿಸಿಕೊಂಡವರ ವಿಳಾಸ ಅದರಲ್ಲಿ ಇರಬೇಕಾಗಿಲ್ಲ. ಹಾಗಿದ್ದೂ ಕ್ಯಾಲಿಫೋರ್ನಿಯಾ 1984ರ ಜೂನ್‌ಗೆ ಗೆರೆ ಎಳೆದು ನಿಂತಿರುವುದಕ್ಕೆ ಗುಟ್ಟು ಕಾಯುವ ಕಾಳಜಿ ಕಾರಣ ಎನ್ನಲಾಗದು. ಕಡತಗಳು ಕೌಂಟಿಗಳಲ್ಲಿ ತೆರೆದೇ ಇವೆ. ಅಲ್ಲಿ ಕಾಯ್ದಿರುವುದು ಗುಟ್ಟನ್ನಲ್ಲ, ಹುಡುಕುವವರನ್ನು.

ಹಾಗಾದರೆ ಆಗಬೇಕಾದದ್ದೇನು? ತೀರ್ಪಿಗೆ ಸಹಿ ಬಿದ್ದ ದಿನವೇ ಅದರ ದೃಢೀಕೃತ ನಕಲು ಇಬ್ಬರಿಗೂ ಕೇಳದೆಯೇ, ದುಡ್ಡಿಲ್ಲದೆ ಸಿಗಬೇಕು. ಇದು ಕನಸಿನ ಮಾತಲ್ಲ. ನಮ್ಮ ಹಿಂದೂ ವಿವಾಹ ಕಾಯ್ದೆಯ 23ನೇ ಕಲಮಿಗೆ 1976ರ ತಿದ್ದುಪಡಿ ಒಂದು ಪುಟ್ಟ ಉಪಕಲಮನ್ನು ಸೇರಿಸಿತು, ನಾಲ್ಕನೆಯದು: ವಿಚ್ಛೇದನದ ಡಿಕ್ರಿ ಕೊಟ್ಟ ಕೋರ್ಟೇ ಅದರ ನಕಲನ್ನು ಎರಡೂ ಕಡೆಯವರಿಗೆ ಉಚಿತವಾಗಿ ಕೊಡತಕ್ಕದ್ದು. ಅದೇ ಕಾಯ್ದೆಯ 22ನೇ ಕಲಮು ವಿಚಾರಣೆಯ ವಿವರ ಅಚ್ಚು ಹಾಕುವುದನ್ನು ತಡೆಯುತ್ತದೆ, ಹೈಕೋರ್ಟು ಅಥವಾ ಸುಪ್ರೀಂ ಕೋರ್ಟಿನ ತೀರ್ಪನ್ನು ಕೋರ್ಟಿನ ಅನುಮತಿಯೊಂದಿಗೆ ಪ್ರಕಟಿಸಲು ಮಾತ್ರ ಬಿಡುತ್ತದೆ. ಕಾಯ್ದೆ ಪುಸ್ತಕದಲ್ಲಿರುವುದೆಲ್ಲ ನಮ್ಮ ಕೋರ್ಟುಗಳ ನಕಲು ಶಾಖೆಯ ಕಿಟಕಿಯಲ್ಲಿ ಸಲೀಸಾಗಿ ಸಿಗುತ್ತದೆ ಎಂದು ಬೀಗುವ ಅಗತ್ಯವಿಲ್ಲ. ನಮ್ಮ ತಡೆ ಕೆಲವೆಡೆ ಅತಿಯಾಗಿದೆ ಎಂದೂ ವಾದಿಸಬಹುದು. ಆದರೆ ತೀರ್ಪು ಬೇರೆ, ಕಡತ ಬೇರೆ ಎಂಬ ಗೆರೆಯನ್ನು ಒತ್ತೊತ್ತಿಗಿರುವ ಆ ಎರಡು ಕಲಮುಗಳು ಎಳೆದಿವೆ. ಕೌಂಟಿಯ ಕ್ಲರ್ಕ್ ಮೇಜಿನ ಮೇಲೆ ಮೊಹರು ಆ ದಿನವೂ ಇರುತ್ತದೆ, ಹಾಳೆಯೂ ಅಲ್ಲೇ ಇರುತ್ತದೆ. ಹತ್ತು ವರ್ಷದ ನಂತರ ಹತ್ತು ಸಾವಿರ ಮೈಲಿ ಆಚೆಯಿಂದ ಒಬ್ಬಳು ಮೂರು ಹೆಸರುಗಳಲ್ಲಿ ತನ್ನನ್ನು ತಾನು ಹುಡುಕಿಸುವ ಬದಲು, ಆ ದಿನವೇ ಇನ್ನೆರಡು ಪ್ರತಿಯ ಮೇಲೆ ಆ ಮೊಹರು ಒತ್ತಿ ಕಳಿಸಿದರೆ ಸಾಕು.